ಏಡಿ ಬಿಲದಿಂದ ಬಂತು, ಮರ ಸುತ್ತಿತು

'ನೇವಿ ಮಾಸ್ತರ್ರು ಹೋದರು ಮಾರಾಯ.' ಕಳೆದ ವರ್ಷ ಗೆಳೆಯನ ಈ ಒಂದು ಸಾಲಿನ ಸಂದೇಶ ಬಂದಾಗ ನಾನು ಸಿಂಗಾಪುರದ ಹತ್ತಿರ ಹಡಗಿನಲ್ಲಿದ್ದೆ. ಏನು ಮಾಡಬೇಕೋ ತೋಚಲಿಲ್ಲ. ಇಂಜಿನ್ ರೂಮಿಗೆ ಇಳಿದು ಸುಮ್ನೆ ನಿಂತೆ. ಅವರನ್ನು ನೆನೆಯಲು ಅದೇ ಸರಿಯಾದ ಜಾಗ ಅನ್ನಿಸಿತು.

ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1982ರಲ್ಲಿ. ಅವರು ಇಪ್ಪತ್ತು ವರ್ಷ ನೌಕಾಪಡೆಯಲ್ಲಿ ದುಡಿದು, ಪೆನ್ಶನ್ ತಗೊಂಡು ಊರಿಗೆ ಬಂದು, ನಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದರು. ಬಿಳಿ ಶರಟು, ಇಸ್ತ್ರಿ ಗೆರೆ ಮುರಿಯದ ಪ್ಯಾಂಟು. ಎಡ ಮೊಣಕೈ ಕೆಳಗೆ ಹಬೆ ಬಡಿದು ಸುಟ್ಟ ಕಲೆ, ಅಂಗೈಯಷ್ಟು ಅಗಲ. ಆ ಕಲೆ ನೋಡಲೆಂದೇ ನಾವು ಡ್ರಿಲ್‌ನಲ್ಲಿ ಮುಂದಿನ ಸಾಲಿಗೆ ನುಗ್ಗುತ್ತಿದ್ದೆವು.

ಅವರು ಐಎನ್‌ಎಸ್ ಮೈಸೂರು ಹಡಗಿನಲ್ಲಿ ಸ್ಟೋಕರ್, ಅಂದರೆ ಬಾಯ್ಲರ್ ನೋಡಿಕೊಳ್ಳುವ ನಾವಿಕ, ಆಗಿದ್ದವರು. 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ದೊಡ್ಡ ಯುದ್ಧನೌಕೆ ಅದು. ಅದರ ಲಾಂಛನದಲ್ಲಿ ಗಂಡಭೇರುಂಡ ಇತ್ತು. ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ಕೆಳಗೆ 'ನ ಬಿಭೇತಿ ಕದಾಚನ' ಅಂತ ಹಡಗಿನ ಧ್ಯೇಯವಾಕ್ಯ ಬರೆಯುತ್ತಿದ್ದರು. ಎಂದೂ ಹೆದರುವುದಿಲ್ಲ ಅಂತ ಅರ್ಥ. ಮೂರು ವರ್ಷದಲ್ಲಿ ಕಲಿತ ಬೀಜಗಣಿತ ಒಂದಕ್ಷರ ನೆನಪಿಲ್ಲ, ಆ ಗಂಡಭೇರುಂಡ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಯುದ್ಧದ ಕಥೆ ಹೇಳಿ ಸರ್ ಅಂತ ಎಷ್ಟು ಗೋಗರೆದರೂ ಒಂದೇ ಕಥೆ ಹೇಳುತ್ತಿದ್ದರು. 1961ರ ಡಿಸೆಂಬರ್ 18. ನಮ್ಮ ಕಾರವಾರದ ಎದುರಿಗೇ, ಪೋರ್ಚುಗೀಸರ ಕೈಯಲ್ಲಿದ್ದ ಅಂಜದೀವ್ ದ್ವೀಪ ಹಿಡಿಯಲು ಮೈಸೂರು, ತ್ರಿಶೂಲ್ ಹಡಗುಗಳು ಬಂದಿದ್ದವು. ಏಳು ನಾವಿಕರು ಪ್ರಾಣ ಕೊಟ್ಟ ಕಾರ್ಯಾಚರಣೆ. 'ನಾನು ಬಾಯ್ಲರ್ ಹತ್ರ ಇದ್ದೆ, ಏನೂ ಕಾಣಲಿಲ್ಲ. ಮೇಲೆ ಬಂದು ನೋಡಿದರೆ ಎದುರಿಗೆ ನಮ್ಮೂರ ಗುಡ್ಡ! ದಡದಲ್ಲಿ ನಮ್ಮ ಆಯಿ ತೋಪಿನ ಸದ್ದನ್ನ ಗುಡುಗು ಅಂದ್ಕೊಂಡು ಒಣಹಾಕಿದ ಭತ್ತ ಒಳಗೆ ತಂದಿದ್ಲಂತೆ.' ಇಷ್ಟು ಹೇಳಿ ಸೀಟಿ ಊದಿಬಿಡುತ್ತಿದ್ದರು. ಸತ್ತ ಏಳು ಜನರ ಬಗ್ಗೆ ಕೇಳಿದರೆ ಮಾತೇ ಆಡುತ್ತಿರಲಿಲ್ಲ.

ಈಗ ನಮ್ಮ ಕಿತಾಪತಿ. 1984ರ ಒಂದು ಮಧ್ಯಾಹ್ನ ಕ್ಲಾಸು ತಪ್ಪಿಸಿ ಮೂವರು ಕೋಡಿಬಾಗದಲ್ಲಿ ಯಾರದೋ ಪಾತಿ ದೋಣಿ ಬಿಚ್ಚಿಕೊಂಡು ಕಾಳಿ ನದಿಗೆ ಇಳಿದೆವು. ಹುಟ್ಟು ಇರಲಿಲ್ಲ, ಕೈಯಲ್ಲಿದ್ದದ್ದು ಒಂದು ಬಿದಿರಿನ ಗಳು. ಇಳಿತ ಶುರುವಾಗಿದ್ದು ಗೊತ್ತೇ ಆಗಲಿಲ್ಲ. ಗಳು ತಳ ಮುಟ್ಟದಾದಾಗ ಎದೆ ಝಲ್ಲೆಂದಿತು. ಆಗಿನ್ನೂ ಹೊಸದಾಗಿದ್ದ ಸೇತುವೆ (2024ರ ಆಗಸ್ಟಿನಲ್ಲಿ ಕುಸಿದು ಬಿತ್ತಲ್ಲ, ಅದೇ) ಹಿಂದೆ ಹಿಂದೆ ಹೋಗುತ್ತಿತ್ತು, ಕಡಲು ಮುಂದೆ ಬರುತ್ತಿತ್ತು.

ಯಾರು ಹೇಳಿದರೋ, ಮಾಸ್ತರ್ರು ಮೀನುಗಾರರ ದೋಣಿಯಲ್ಲಿ ಬಂದರು. ಹಗ್ಗ ಎಸೆದು 'ಕಟ್ಟು' ಅಂದರು. ನಾನು ಕಟ್ಟಿದೆ, ಜಾರಿತು. ಮತ್ತೆ ಕಟ್ಟಿದೆ, ಮತ್ತೆ ಜಾರಿತು. ಕೊನೆಗೆ ಅವರೇ ನೀರಿಗೆ ಹಾರಿ, ಒಂದು ಕೈಯಲ್ಲಿ ದೋಣಿ ಹಿಡಿದು ಇನ್ನೊಂದು ಕೈಯಲ್ಲೇ ಗಂಟು ಹಾಕಿದರು.

ದಡಕ್ಕೆ ಬಂದ ಮೇಲೆ ಹೊಡೆಯಲಿಲ್ಲ. ಮನೆಗೂ ಹೇಳಲಿಲ್ಲ. ನಾಲ್ಕು ಭಾನುವಾರ ದೋಣಿಯವನ ಬಲೆ ಹೊತ್ತೆವು. ಜೊತೆಗೆ ದಿನಾ ಊಟದ ಬಿಡುವಿನಲ್ಲಿ ಬೋಲೈನ್ ಗಂಟು, ಅಂದರೆ ಜಾರದ ಕುಣಿಕೆ, ನೂರು ಸಲ. 'ಏಡಿ ಬಿಲದಿಂದ ಬಂತು, ಮರ ಸುತ್ತಿತು, ಮತ್ತೆ ಬಿಲಕ್ಕೆ ಹೋಯ್ತು. ಹೇಳು ತಮಾ!' ಎರಡು ವಾರದಲ್ಲಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕಟ್ಟುವಷ್ಟಾದೆವು. ಆಮೇಲೆ ನಾನು ಹಡಗು ಹತ್ತಿದೆ, ಚೀಫ್ ಇಂಜಿನಿಯರ್ ಆದೆ. ನಮ್ಮ ಬ್ಯಾಚಿನಲ್ಲಿ ಕಡಲಿಗೆ ಹೋದವನು ನಾನೊಬ್ಬನೇ. ಹೆಮ್ಮೆಯಿಂದಲೇ ಹೇಳುತ್ತೇನೆ, ಅದರ ಬೀಜ ಆ ಹಗ್ಗದ ತುಂಡಿನಲ್ಲಿತ್ತು.

ಆದರೆ ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಅವರ ಮನೆಯ ಜಗಲಿ. ಬೆಳಿಗ್ಗೆ ಎಂಟೂವರೆಗೆ ಆ ದಾರಿಯಲ್ಲಿ ಹೋದರೆ ಮಾಸ್ತರ್ರು ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಜಡೆ ಹಾಕುತ್ತಿರುತ್ತಿದ್ದರು. ಬಾಯಲ್ಲಿ ಹೇರ್‌ಪಿನ್ನು, ಹೆಗಲ ಮೇಲೆ ಕೆಂಪು ರಿಬ್ಬನ್ನು. ಮೂರು ಎಳೆ ಸಮ ಮಾಡಿ, ಹಗ್ಗ ಹೆಣೆದ ಹಾಗೆ ಬಿಗಿಯಾಗಿ ಹೆಣೆಯುತ್ತಿದ್ದರು. ಆ ಜಡೆ ಸಂಜೆವರೆಗೂ ಅಲುಗುತ್ತಿರಲಿಲ್ಲ. ದೊಡ್ಡ ಮಗಳು ಹುಟ್ಟಿದ್ದು 1971ರ ಡಿಸೆಂಬರಿನಲ್ಲಿ, ಯುದ್ಧದ ಹೊತ್ತಿಗೆ. ಮೈಸೂರು ಆಗ ಪಶ್ಚಿಮ ನೌಕಾದಳದ ಮುಂದಾಳು ಹಡಗು. ಮಗಳನ್ನು ಅವರು ಮೊದಲು ನೋಡಿದಾಗ ಅವಳಿಗೆ ನಾಲ್ಕು ತಿಂಗಳು. 'ಎತ್ಕೊಂಡ್ರೆ ಕಿರುಚಿದ್ಲು. ಅಪ್ಪ ಅಂತ ಗೊತ್ತಾಗ್ಬೇಕಲ್ಲ' ಅಂದಿದ್ದರು ಒಮ್ಮೆ. ಇಪ್ಪತ್ತು ವರ್ಷವೂ ವಾರಕ್ಕೊಂದು ಕಾಗದ ಮನೆಗೆ ಬರೆದವರು ಅವರು. ಅವರ ಹೆಂಡತಿ, ನಮಗೆಲ್ಲ ಅಮ್ಮ, ಅಷ್ಟನ್ನೂ ಒಂದು ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದರು.

ನನ್ನ ಅಕ್ಕನ ಮೊಮ್ಮಗ ಕಡಲಿನಿಂದ ಕೂಗಳತೆ ದೂರದ ಶಾಲೆಯಲ್ಲಿ ಓದುತ್ತಾನೆ. ಈಜು ಬರುವುದಿಲ್ಲ. ಇಳಿತ ಯಾವಾಗ ಅಂತ ಗೊತ್ತಿಲ್ಲ. ಡ್ರಿಲ್ ಪಿರಿಯಡ್ಡಿನಲ್ಲಿ ಗಣಿತ ಮಾಡಿಸುತ್ತಾರಂತೆ. ಅಂಕ ನಮಗಿಂತ ಎಷ್ಟೋ ಜಾಸ್ತಿ, ಒಪ್ಪುತ್ತೇನೆ. ಆದರೆ ಹಗ್ಗ ಕೊಟ್ಟರೆ ಆ ಮಗು ಏನು ಮಾಡಬೇಕು? ಇದು ನನಗೆ ನಿಜವಾಗಿ ಬೇಜಾರಿನ ಸಂಗತಿ.

ಅವರು ಹೋಗುವ ಹಿಂದಿನ ಮಳೆಗಾಲದಲ್ಲಿ ನೋಡಲು ಹೋಗಿದ್ದೆ. ಅದೇ ಜಗಲಿ. ಮಕ್ಕಳು ಮದುವೆಯಾಗಿ ಹೋಗಿದ್ದರು. ಅಮ್ಮನಿಗೆ ಮರೆವಿನ ಕಾಯಿಲೆ. ಎಂಬತ್ತು ದಾಟಿದ ಮಾಸ್ತರ್ರು ಅವರ ಹಿಂದೆ ಮಣೆ ಹಾಕಿ ಕೂತು, ಬೆಳ್ಳಗಿನ ತೆಳು ಕೂದಲಿಗೆ ಜಡೆ ಹೆಣೆಯುತ್ತಿದ್ದರು. ಬೆರಳು ನಡುಗುತ್ತಿತ್ತು, ಎಳೆ ಮಾತ್ರ ತಪ್ಪುತ್ತಿರಲಿಲ್ಲ.

'ಇವ ಯಾರು?' ಅಂತ ಅಮ್ಮ ಕೇಳಿದರು.

'ನಮ್ಮ ಶಾಲೆ ಹುಡುಗ. ಹಡಗಲ್ಲಿದ್ದಾನೆ.'

ಅಮ್ಮ ನನ್ನನ್ನೇ ತುಂಬ ಹೊತ್ತು ನೋಡಿದರು. 'ಹೆಂಡ್ತಿಗೆ ಕಾಗದ ಬರೀತೀಯೇನೋ?'

'ಬರೀತೇನೆ ಅಮ್ಮಾ' ಅಂದೆ. ಮಾಸ್ತರ್ರು ತಲೆಯೆತ್ತಲಿಲ್ಲ. ರಿಬ್ಬನ್ನಿನ ತುದಿ ಹಿಡಿದುಕೋ ಅಂತ ನನ್ನ ಕಡೆ ಚಾಚಿದರು.