ಹಳೇ ಹಾಡುಗಳ ಪಟ್ಟಿ ಯಾಕೆ ಇಟ್ಕೊಂಡಿದ್ದೀರಿ?

ನಮ್ಮನೆ ಕಪಾಟಿನ ಕೆಳಗಿನ ಅರೆಯಲ್ಲಿ ಒಂಬತ್ತು ನೋಟ್‌ಬುಕ್‌ಗಳಿವೆ. ನಾಲ್ಕು ಅಕ್ಕನವು, ಐದು ನನ್ನವು. ಮನೆಗೆ ಬಂದವರು ಒಂದನ್ನಾದರೂ ತೆಗೆದು ನೋಡುತ್ತಾರೆ. ಒಳಗೆ ತಾರೀಖು, ಅದರ ಕೆಳಗೆ ಹಾಡುಗಳ ಸಾಲು, ಪಕ್ಕದಲ್ಲಿ ನಂಬರು. ಪುಟದ ಮೇಲೆ ಪುಟ ಅದೇ. ಆಮೇಲೆ ಪ್ರಶ್ನೆ ಬರುತ್ತದೆ: "ಎಲ್ಲಾ ಹಾಡೂ ಫೋನಲ್ಲೇ ಸಿಗುತ್ತಲ್ಲ, ಈ ಪಟ್ಟಿ ಯಾಕೆ ಇಟ್ಕೊಂಡಿದ್ದೀರಿ?" ಕೆಲವರು ಉತ್ತರವನ್ನೂ ತಾವೇ ಕೊಡುತ್ತಾರೆ. "ಆ ಕಾಲದ ಹಾಡೇ ಹಾಡು, ಅಲ್ವಾ?"

ಅದಕ್ಕಲ್ಲ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಬೆಳೆದದ್ದು ಮಂಡ್ಯದಲ್ಲಿ. ಅಪ್ಪನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಕಾಲದಲ್ಲಿ ಊರೆಲ್ಲ ಕಾಕಂಬಿ ವಾಸನೆ. ಬುಧವಾರ ರಾತ್ರಿ ಎಂಟಕ್ಕೆ ಮುಂಚೆ ಊಟ ಮುಗಿಯಬೇಕು ಎನ್ನುವುದು ಅಕ್ಕ ಮಾಡಿದ ಕಾನೂನು. ಎಂಟಕ್ಕೆ ಸರಿಯಾಗಿ ಶ್ರೀಲಂಕಾದ ರೇಡಿಯೊ ಸಿಲೋನ್‌ನಲ್ಲಿ ಗೀತ್‌ಮಾಲಾ. ಮೊದಲು ಅದರ ಹೆಸರು ಬಿನಾಕಾ, ಆಮೇಲೆ ಸಿಬಾಕಾ, ಎರಡೂ ಟೂತ್‌ಪೇಸ್ಟ್ ಹೆಸರುಗಳೇ. ಅಮೀನ್ ಸಯಾನಿ ಅವರ ದನಿ. ವಾರದ ಜನಪ್ರಿಯ ಹಿಂದಿ ಹಾಡುಗಳನ್ನು ಅವರು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದರು. ಸ್ಥಾನಕ್ಕೆ ಅವರ ಮಾತು 'ಪಾಯ್ದಾನ್'. ನಮ್ಮನೆಯಲ್ಲಿ ಹಿಂದಿ ಸರಿಯಾಗಿ ಯಾರಿಗೂ ಬರುತ್ತಿರಲಿಲ್ಲ. ಆದರೂ ಪಾಯ್ದಾನ್ ಎನ್ನುವ ಪದ ಅಮ್ಮನ ಬಾಯಲ್ಲೂ ಬಂದುಬಿಟ್ಟಿತ್ತು. ಪರೀಕ್ಷೆಯ ಮಾರ್ಕ್ಸ್ ಕಾರ್ಡ್ ತಂದಾಗ ಕೇಳುತ್ತಿದ್ದಳು, "ಈ ಸಲ ಎಷ್ಟನೇ ಪಾಯ್ದಾನ್?"

ನಮ್ಮ ದೇಶದ ಹಾಡನ್ನು ಪರದೇಶದ ರೇಡಿಯೊದಲ್ಲಿ ಯಾಕೆ ಕೇಳಬೇಕಿತ್ತು? 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರದಲ್ಲಿ ವಾರ್ತಾ ಮಂತ್ರಿಯಾದರು. ಸಿನಿಮಾ ಹಾಡು ಅವರಿಗೆ ಹಿಡಿಸುತ್ತಿರಲಿಲ್ಲ. ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಹೆಚ್ಚುಕಡಿಮೆ ಮಾಯವಾದವು. ಜನ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಅದೇ ವರ್ಷ ಡಿಸೆಂಬರ್ 3ರಂದು ಗೀತ್‌ಮಾಲಾ ಶುರುವಾಯಿತು. 1957ರಲ್ಲಿ ವಿವಿಧ ಭಾರತಿ ಬಂತು, ಸಿನಿಮಾ ಹಾಡು ವಾಪಸ್ ಬಂತು. ಆದರೆ ಬುಧವಾರದ ರೂಢಿ ಬಿಡಲಿಲ್ಲ.

ಅಕ್ಕ 1977ರಿಂದ ಬರೆದಿದ್ದಾಳೆ. ಹಿಂದಿ ಸಾಲು, ಕನ್ನಡ ಅಕ್ಷರ. ಶಾರ್ಟ್‌ವೇವ್ ಆದ್ದರಿಂದ ದನಿ ಒಮ್ಮೆ ಕಿವಿಯ ಪಕ್ಕದಲ್ಲಿ, ಒಮ್ಮೆ ಬಾವಿಯ ತಳದಲ್ಲಿ. ಆ ಅಲೆ ಆಕಾಶದ ಮೇಲಿನ ಪದರಕ್ಕೆ ತಾಗಿ ಕೆಳಗೆ ಬರಬೇಕು, ಆ ಪದರವೋ ಒಂದೇ ಸಮ ನಿಲ್ಲುವುದಿಲ್ಲ. ದನಿ ಮುಳುಗಿದಾಗ ಅಕ್ಕ ಆ ನಂಬರಿನ ಎದುರು ಒಂದು ಗೆರೆ ಎಳೆದು ಜಾಗ ಬಿಡುತ್ತಿದ್ದಳು. ಗುರುವಾರ ಕಾಲೇಜಿನಲ್ಲಿ ಕಲ್ಲಹಳ್ಳಿಯ ಗೆಳತಿಯನ್ನು ಕೇಳಿ ತುಂಬಿಸುತ್ತಿದ್ದಳು. ಹಾಗೆ ತುಂಬಿಸಿದ್ದೆಲ್ಲ ಬೇರೆ ಇಂಕಿನಲ್ಲಿದೆ. ಪುಟ ನೋಡಿದರೆ ಆ ಬುಧವಾರ ನಮ್ಮ ರೇಡಿಯೊ ಎಲ್ಲೆಲ್ಲಿ ಕೈಕೊಟ್ಟಿತ್ತು ಎಂದು ಈಗಲೂ ಹೇಳಬಹುದು.

1983ರಲ್ಲಿ ಅಕ್ಕನ ಮದುವೆಯಾಯಿತು. ಮೈಸೂರಿಗೆ ಹೋದಳು. ಪುಸ್ತಕ ನನ್ನ ಕೈಗೆ ಬಂತು. ಆಗ ನನಗೆ ಹದಿನಾರು. ಕೆಲವು ವಾರ ಅಕ್ಕನ ಹಾಗೇ ಬರೆದೆ. ಆಮೇಲೆ ತಲೆಗೆ ಹೊಳೆಯಿತು, ನಮ್ಮ ಕನ್ನಡದ ಹಾಡುಗಳಿಗೆ ಯಾಕೆ ಇಂಥ ಪಟ್ಟಿ ಇಲ್ಲ?

ನಾವು ಕನ್ನಡ ಹಾಡು ಕೇಳುತ್ತಿದ್ದದ್ದು ಮೈಸೂರು ಆಕಾಶವಾಣಿಯಲ್ಲಿ. 'ಆಕಾಶವಾಣಿ' ಎನ್ನುವ ಹೆಸರೇ ಹುಟ್ಟಿದ್ದು ಮೈಸೂರಿನಲ್ಲಿ. ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೊ ನಿಲಯ ಶುರುಮಾಡಿದ್ದರು. ಅದು 1955ರಲ್ಲಿ ಬೆಂಗಳೂರಿಗೆ ಹೋಯಿತು. 1974ರಲ್ಲಿ ಮೈಸೂರಿಗೆ ಮತ್ತೆ ನಿಲಯ ಬಂತು. ಅಲ್ಲಿ ಕೋರಿಕೆಯ ಕಾರ್ಯಕ್ರಮದಲ್ಲಿ ಹಾಡಿಗೆ ಮುಂಚೆ ಹೆಸರುಗಳನ್ನು ಓದುತ್ತಿದ್ದರು. ಮದ್ದೂರು, ಮಳವಳ್ಳಿ, ಪಾಂಡವಪುರ, ನಾಗಮಂಗಲದಿಂದ ಕಾರ್ಡು ಬರೆದವರ ಹೆಸರುಗಳು. ಸಿಲೋನಿನವರು ನಂಬರು ಓದಿದರೆ ಮೈಸೂರಿನವರು ಜನರ ಹೆಸರು ಓದುತ್ತಿದ್ದರು. ನನಗೆ ಎರಡೂ ಇಷ್ಟ. ಆದರೆ ಹೆಸರು ಗಾಳಿಯಲ್ಲಿ ಹೋಗಿಬಿಡುತ್ತದೆ, ನಂಬರು ಪುಸ್ತಕದಲ್ಲಿ ಕೂತುಕೊಳ್ಳುತ್ತದೆ.

ಹಾಗಾಗಿ ನಾನೇ ಶುರುಮಾಡಿದೆ. ಶನಿವಾರ ಮಧ್ಯಾಹ್ನ ಮೂರು ಕ್ಯಾಸೆಟ್ ಅಂಗಡಿ. ಒಂದು ವಿ.ವಿ. ರಸ್ತೆಯಲ್ಲಿ, ಒಂದು ಪೇಟೆ ಬೀದಿಯಲ್ಲಿ, ಒಂದು ಬಸ್ ಸ್ಟ್ಯಾಂಡ್ ಹತ್ತಿರ. "ಅಣ್ಣ, ಈ ವಾರ ಯಾವ್ದು ಜಾಸ್ತಿ ಹೋಯ್ತು?" ಪೇಟೆ ಬೀದಿಯ ಅಂಗಡಿಯವರು ಮೊದಲ ದಿನ ನನ್ನನ್ನೇ ನೋಡಿದರು. "ಬರ್ಕೊಂಡು ಏನ್ ಮಾಡ್ತೀಯ್ಲಾ ಮಗ?" ನನ್ನ ಬದುಕಿನಲ್ಲಿ ಈ ಪ್ರಶ್ನೆ ಮೊದಲು ಕೇಳಿದವರು ಅವರೇ.

ಮೊದಲನೆಯದಕ್ಕೆ ಹತ್ತು ಅಂಕ, ಎರಡನೆಯದಕ್ಕೆ ಒಂಬತ್ತು, ಹೀಗೆ. ಮೂರೂ ಅಂಗಡಿಯದು ಕೂಡಿಸಿದರೆ ವಾರದ ಪಟ್ಟಿ. ಎಷ್ಟೋ ವಾರ ಎರಡು ಸಮ ಬರುತ್ತಿದ್ದವು, ಒಂದೇ ಸ್ಥಾನದಲ್ಲಿ ಎರಡನ್ನೂ ಬರೆಯುತ್ತಿದ್ದೆ. ಇಂಗ್ಲೆಂಡಿನ ಮೊದಲ ಪಟ್ಟಿಯೂ ಹೀಗೇ ಆಗಿತ್ತು ಎಂದು ಬಹಳ ವರ್ಷದ ಮೇಲೆ ಓದಿದೆ. ಅಲ್ಲಿಯ ಒಂದು ಸಂಗೀತ ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬುವರು ಸುಮಾರು ಇಪ್ಪತ್ತು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಮಾರಾಟವಾಯಿತು ಎಂದು ಕೇಳಿ, ಅಂಕ ಕೂಡಿಸಿದರು. 1952ರ ನವೆಂಬರ್ 14ರಂದು ಅದು ಅಚ್ಚಾಯಿತು. ಹನ್ನೆರಡು ಸ್ಥಾನ, ಹದಿನೈದು ಹಾಡು. ಸಮ ಬಂದವನ್ನು ಅವರೂ ಜೊತೆಗೇ ಕೂರಿಸಿದ್ದರು. ಗೀತ್‌ಮಾಲಾಕ್ಕಿಂತ ಹತ್ತೊಂಬತ್ತು ದಿನ ಮೊದಲು. ಒಬ್ಬರ ಸುದ್ದಿ ಒಬ್ಬರಿಗೆ ತಲುಪದಷ್ಟು ದೂರದಲ್ಲಿ ಎರಡು ಕಡೆಯೂ ಒಂದೇ ಆಸೆ ಹುಟ್ಟಿದ್ದು ನೆನೆದರೆ ಈಗಲೂ ಖುಷಿಯಾಗುತ್ತದೆ.

ಪಟ್ಟಿ ಬರೆಯುತ್ತಾ ನನಗೆ ಒಂದು ಅನುಮಾನ ಶುರುವಾಯಿತು. ಬಸ್ ಸ್ಟ್ಯಾಂಡ್ ಅಂಗಡಿಯವರು ಒಬ್ಬ ಹೀರೋನ ದೊಡ್ಡ ಅಭಿಮಾನಿ. ಆ ಹೀರೋ ಸಿನಿಮಾ ಬಂತೆಂದರೆ ಸಾಕು, ತಿಂಗಳುಗಟ್ಟಲೆ ಅವರ ಬಾಯಲ್ಲಿ ಅದೇ ನಂಬರ್ ಒನ್. ಕಪಾಟಿನಲ್ಲಿ ನೋಡಿದರೆ ಆ ಕ್ಯಾಸೆಟ್‌ಗಳು ಹಾಗೇ ಕೂತಿವೆ. ಅವರು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಪ್ರೀತಿ ಇದ್ದ ಕಡೆ ಲೆಕ್ಕ ವಾಲುತ್ತದೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಗೂ 1991ರವರೆಗೆ ಇದೇ ಕಾಯಿಲೆ ಇತ್ತು. ಅಂಗಡಿಯವರು ಹೇಳಿದ್ದೇ ಲೆಕ್ಕ. ಆ ವರ್ಷ ಬಿಲ್ ಮಾಡುವಾಗ ಬಾರ್‌ಕೋಡ್ ಓದುವ ಕಂಪ್ಯೂಟರ್‌ನಿಂದ ಲೆಕ್ಕ ತೆಗೆದುಕೊಳ್ಳಲು ಶುರುಮಾಡಿದರು. ಆಗ ರ‍್ಯಾಪ್ ಮತ್ತು ಕಂಟ್ರಿ ಹಾಡಿನ ಆಲ್ಬಮ್‌ಗಳು ದಿಢೀರನೆ ಮೇಲೆ ಬಂದವು. ಜನ ಮೊದಲೂ ಕೊಳ್ಳುತ್ತಿದ್ದರು. ಹೇಳುವವರು ಹೇಳಿರಲಿಲ್ಲ, ಅಷ್ಟೇ.

ನನ್ನ ಬಾರ್‌ಕೋಡ್ ಸಿಕ್ಕಿದ್ದು ಪೇಟೆ ಬೀದಿ ಅಂಗಡಿಯ ಒಂದು ತಂತಿಯಲ್ಲಿ.

ಆಗ ಅಂಗಡಿಯಲ್ಲಿ ಹಾಡು ತುಂಬಿಸಿಕೊಡುತ್ತಿದ್ದರು, ನೆನಪಿದೆಯಾ? ಅರವತ್ತು ನಿಮಿಷದ್ದೋ ತೊಂಬತ್ತು ನಿಮಿಷದ್ದೋ ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ನಾಲ್ಕು ದಿನ ಬಿಟ್ಟು ರೆಡಿ. ಮುಗಿದ ಚೀಟಿಗಳನ್ನು ಅವರು ತಂತಿಗೆ ಚುಚ್ಚಿಡುತ್ತಿದ್ದರು. 1985ರಲ್ಲಿ ಒಂದು ದಿನ ಆ ತಂತಿ ಪೂರ್ತಿ ತೆಗೆದು ನನ್ನ ಕೈಗಿಟ್ಟರು. "ತಗೋ, ನನ್ನ ಕೇಳ್ಬೇಡ, ಇವ್ರನ್ನೇ ಕೇಳು."

ಆ ಚೀಟಿಗಳನ್ನು ನಡುಮನೆಯಲ್ಲಿ ಹರಡಿಕೊಂಡು ಕೂತ ಭಾನುವಾರ ಮರೆಯಲಾರೆ. ಕ್ಯಾಸೆಟ್ ಮಾರಾಟ ಎಂದರೆ ಸಿನಿಮಾದ ಲೆಕ್ಕ. ಒಂದು ಹಾಡಿಗಾಗಿ ಕೊಂಡರೂ ಇಡೀ ಸಿನಿಮಾ ಕೊಂಡ ಹಾಗೆ. ಚೀಟಿಯಲ್ಲಿ ಹಾಗಲ್ಲ. ಒಂದೊಂದು ಹಾಡನ್ನೂ ಯಾರೋ ಬೇಕೆಂದು ನೆನಪಿಸಿಕೊಂಡು ಕೈಯಾರೆ ಬರೆದಿದ್ದಾರೆ. ನನ್ನ ವಾರದ ಪಟ್ಟಿಯಲ್ಲಿ ಅಬ್ಬರದ ಹಾಡುಗಳು ಮೇಲಿದ್ದರೆ ಚೀಟಿಗಳಲ್ಲಿ ನಿಧಾನದ ಹಾಡುಗಳು ತುಂಬಿದ್ದವು. ದುಃಖದ ಹಾಡು, ಜೋಗುಳ, ಹತ್ತು ಹದಿನೈದು ವರ್ಷ ಹಳೆಯ ಪಿ.ಬಿ. ಶ್ರೀನಿವಾಸ್ ಹಾಡುಗಳು. ಭಾವಗೀತೆಗಳೂ ಇದ್ದವು. ಸಿ. ಅಶ್ವತ್ಥ್ ರಾಗ ಹಾಕಿದ ಕೆ.ಎಸ್. ನರಸಿಂಹಸ್ವಾಮಿಯವರ ಗೀತೆಗಳು ಒಂದು ವಾರವೂ ನನ್ನ ಪಟ್ಟಿಯ ತುದಿಗೆ ಬಂದಿರಲಿಲ್ಲ. ಕೆ.ಎಸ್.ನ. ನಮ್ಮ ಜಿಲ್ಲೆಯ ಕಿಕ್ಕೇರಿಯವರು. ಚೀಟಿಗಳನ್ನು ವರ್ಷವಿಡೀ ಕೂಡಿಸಿದಾಗ ಆ ಗೀತೆಗಳು ಮೊದಲ ಹತ್ತರಲ್ಲಿ ಬಂದು ನಿಂತವು. ಯಾವ ವಾರವೂ ಗೆಲ್ಲದೆ ವರ್ಷ ಗೆದ್ದ ಹಾಡುಗಳು. ಅಂದಿನಿಂದ ನಾನು ಎರಡು ಪಟ್ಟಿ ಬರೆದೆ, ಎಡ ಪುಟದಲ್ಲಿ ಮಾರಾಟ, ಬಲ ಪುಟದಲ್ಲಿ ಚೀಟಿ.

ಎರಡೂ ಪುಟದಲ್ಲಿ ಒಂದೇ ಸಿನಿಮಾ ಮೇಲೆ ನಿಂತದ್ದು 1987ರಲ್ಲಿ, 'ಪ್ರೇಮಲೋಕ' ಬಂದಾಗ. ಹಂಸಲೇಖ ಅವರ ಸಂಗೀತ. ಮೂರೂ ಅಂಗಡಿಯಲ್ಲಿ ಅದೇ, ತಂತಿಯಲ್ಲೂ ಅದೇ. ಆ ತಿಂಗಳುಗಳ ಪುಟ ನೋಡಿದರೆ ಊರಿಗೆ ಊರೇ ಒಂದೇ ಹಾಡು ಗುನುಗಿದ್ದು ಕಿವಿಗೆ ಕೇಳುತ್ತದೆ.

ಈಗ ಆ ಇನ್ನೊಂದು ಮಾತಿಗೆ ಬರುತ್ತೇನೆ. ಆ ಕಾಲದ ಹಾಡೇ ಹಾಡು ಎಂಬ ಮಾತು. ಈ ನೋಟ್‌ಬುಕ್‌ಗಳು ಅದನ್ನು ಒಪ್ಪುವುದಿಲ್ಲ. ಅಕ್ಕನ 1979ರ ಪುಸ್ತಕ ತೆಗೆದು ಯಾವುದಾದರೂ ಪುಟ ಓದಿ. ಅರ್ಧ ಹಾಡುಗಳು ನಿಮಗೆ ಗೊತ್ತೇ ಇರುವುದಿಲ್ಲ. ಅವು ಸುಮಾರಾದ ಹಾಡುಗಳು. ಒಂದು ಕಾಲದಲ್ಲಿ ಅವೇ ಮೇಲಿನ ಪಾಯ್ದಾನ್‌ನಲ್ಲಿದ್ದವು. ನಾವು ಇಂದು ಕಣ್ಣಿಗೊತ್ತಿಕೊಳ್ಳುವ ಹಾಡು ಕೆಳಗೆಲ್ಲೋ ಎರಡು ವಾರ ಇದ್ದು ಹೋಗಿದೆ. ಕಾಲ ಜರಡಿ ಹಿಡಿದು ಒಳ್ಳೆಯದನ್ನು ಉಳಿಸಿಕೊಂಡಿದೆ. ಆ ಜರಡಿಯಲ್ಲಿ ಉಳಿದದ್ದನ್ನು ನೋಡಿ ನಾವು ಇಡೀ ಕಾಲವೇ ಚಿನ್ನ ಎನ್ನುತ್ತೇವೆ. ಅದು ಇಂದಿನ ಹುಡುಗರಿಗೆ ಮಾಡುವ ಅನ್ಯಾಯ. ಅವರ ಎದುರಿಗಿರುವುದು ಇನ್ನೂ ಜರಡಿ ಹಿಡಿಯದ ರಾಶಿ. ನಾನು ಪಟ್ಟಿ ಇಟ್ಟುಕೊಂಡಿರುವುದು ಇದಕ್ಕೇ. ಜರಡಿಯಿಂದ ಕೆಳಗೆ ಬಿದ್ದದ್ದೂ ಇದರಲ್ಲಿದೆ. ಮಂಡ್ಯದಲ್ಲಿ ಯಾರೋ ಒಬ್ಬರು ದುಡ್ಡು ಕೊಟ್ಟು ತುಂಬಿಸಿಕೊಂಡು, ಟೇಪು ಸವೆಯುವವರೆಗೆ ಕೇಳಿ, ಆಮೇಲೆ ಮರೆತ ಹಾಡುಗಳು. ಅವು ಫೋನಿನಲ್ಲಿ ಸಿಗುತ್ತವೆ, ನಿಜ. ಆದರೆ ಹೆಸರು ಗೊತ್ತಿದ್ದರೆ ತಾನೇ ಹುಡುಕುವುದು?

ಮಗಳು ಒಮ್ಮೆ ಹೇಳಿದಳು, "ಅಪ್ಪ, ಈಗ್ಲೂ ಪಟ್ಟಿ ಇದೆ, ಕೇಳಿದ್ದನ್ನೂ ಎಣಿಸ್ತಾರೆ." ನಿಜ. ಇಂಗ್ಲೆಂಡಿನಲ್ಲಿ 2014ರಿಂದ ಆನ್‌ಲೈನ್‌ನಲ್ಲಿ ಕೇಳಿದ್ದೂ ಲೆಕ್ಕಕ್ಕೆ ಬಂತು, ಆಗ ನೂರು ಸಲ ಕೇಳಿದರೆ ಒಂದು ಮಾರಾಟ. 2017ರಲ್ಲಿ ಅಲ್ಲಿಯ ಗಾಯಕ ಎಡ್ ಶೀರನ್ ಅವರ ಆಲ್ಬಮ್ ಬಂದಾಗ ಮೊದಲ ಇಪ್ಪತ್ತರಲ್ಲಿ ಹದಿನಾರು ಹಾಡು ಅವರದೇ ಆದವು. ಆಮೇಲೆ ಒಬ್ಬರಿಗೆ ಮೂರೇ ಹಾಡು ಎಂದು ನಿಯಮ ತಂದರು. ಕೊಳ್ಳುವುದು ಬೇರೆ, ಕೇಳುವುದು ಬೇರೆ. ನನ್ನ ಎಡ ಪುಟ, ಬಲ ಪುಟದ ಜಗಳವೇ ಅದು. ಅವಳು ಇನ್ನೊಂದು ವಿಷಯ ತೋರಿಸಿದಾಗ ನಾನು ಎದ್ದು ಕೂತೆ. ಗಾಯಕಿ ಕೇಟ್ ಬುಷ್ ಅವರ 1985ರ ಒಂದು ಹಾಡು ಆಗ ಅಲ್ಲಿ ಮೂರನೇ ಸ್ಥಾನದವರೆಗೆ ಬಂದಿತ್ತು. ಒಂದು ಟಿವಿ ಸರಣಿಯಲ್ಲಿ ಬಳಸಿದ ಮೇಲೆ 2022ರ ಜೂನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮೂವತ್ತೇಳು ವರ್ಷ. ತಂತಿಗೆ ಚುಚ್ಚಿದ್ದ ಚೀಟಿ ಮತ್ತೆ ಕೈಗೆ ಬಂದ ಹಾಗೆ.

ಪ್ರಶ್ನೆ ಕೇಳಿದವರು ಹೋಗುವ ಮುಂಚೆ ಹೆಚ್ಚಾಗಿ ಇನ್ನೊಂದು ಕೇಳುತ್ತಾರೆ. "1986, ಮೇ ಎರಡನೇ ವಾರ ಇದೆಯಾ?" ಮದುವೆಯ ವಾರವೋ, ಮಗು ಹುಟ್ಟಿದ ವಾರವೋ ಇರುತ್ತದೆ. ತೆಗೆದುಕೊಡುತ್ತೇನೆ. ಓದುತ್ತಾ ಓದುತ್ತಾ ಒಂದು ಸಾಲು ಬಾಯಿಗೆ ಬಂದುಬಿಡುತ್ತದೆ. ಮೇಲಿನ ಹಾಡೇ ಬರಬೇಕೆಂದಿಲ್ಲ. ಏಳನೆಯದು, ಒಂಬತ್ತನೆಯದು.

1989ರಲ್ಲಿ ಗೀತ್‌ಮಾಲಾ ಸಿಲೋನ್ ಬಿಟ್ಟು ವಿವಿಧ ಭಾರತಿಗೆ ಬಂತು. ಮರುವರ್ಷ ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು, ಬರೆಯುವುದು ನಿಂತಿತು. 2024ರ ಫೆಬ್ರವರಿಯಲ್ಲಿ ಅಮೀನ್ ಸಯಾನಿ ತೀರಿಕೊಂಡ ದಿನ ಅಕ್ಕ ಕುವೆಂಪುನಗರದಿಂದ ಆಟೋದಲ್ಲಿ ಬಂದಳು. ನಾಲ್ಕೂ ಪುಸ್ತಕ ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕೂತಿದ್ದಳು.

ಈಗ ಎಲ್ಲಾ ಪುಟಗಳ ಫೋಟೊ ತೆಗೆದಿಡುತ್ತಿದ್ದೇನೆ. 1988ರ ಪುಸ್ತಕಕ್ಕೆ ಗೆದ್ದಲು ಹಿಡಿದು ಆಗಸ್ಟ್, ಸೆಪ್ಟೆಂಬರ್ ಪುಟಗಳು ಹೋಗಿವೆ. ಆ ಎರಡು ತಿಂಗಳು ಮಂಡ್ಯದಲ್ಲೋ ಮೈಸೂರಿನಲ್ಲೋ ಕ್ಯಾಸೆಟ್ ತುಂಬಿಸಿಕೊಂಡವರು ಇದ್ದರೆ, ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಇನ್ನೂ ಇದೆಯಾ ನೋಡಿ. ತಾರೀಖು ಇದ್ದರೆ ಸಾಕು. ನಾನು ಬೇರೆ ಇಂಕಿನಲ್ಲಿ ಬರೆದುಕೊಳ್ಳುತ್ತೇನೆ.