ಕಾಟಾ ಚೀಟಿಯನ್ನು ಆರ್‌ಸಿ ಪಕ್ಕ ಇಟ್ಟು ನೋಡಿ

ಚಾಕಣದಲ್ಲಿ, ಪುಣೆ–ನಾಶಿಕ್ ರಸ್ತೆಯ ಹತ್ತಿರ ಇರುವ ಒಂದು ಕಾಟಾದಲ್ಲಿ, ಅಂದರೆ ಗಾಡಿ ತೂಗುವ ವೇಬ್ರಿಡ್ಜ್‌ನಲ್ಲಿ, ನಾನು ಆಪರೇಟರ್. ಊರು ಇಂಡಿ. ಇಲ್ಲಿ ಪಿಕಪ್ ಓಡಿಸುವವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಬಹಳ. ಹಾಗಾಗಿ ಅರ್ಧ ವ್ಯವಹಾರ ಕನ್ನಡದಲ್ಲೇ ಮುಗಿಯುತ್ತದೆ.

ಕಾಟಾ ಚೀಟಿಯಲ್ಲಿ ಗ್ರಾಸ್ (ಮಾಲು ಸಮೇತ ಗಾಡಿಯ ತೂಕ), ಟೇರ್ (ಖಾಲಿ ಗಾಡಿ), ನೆಟ್ (ಬರೀ ಮಾಲು) ಅಂತ ಮೂರು ಅಂಕಿ ಇರುತ್ತವೆ. ಈರುಳ್ಳಿಯವರಾಗಲಿ ಭಂಗಾರದವರಾಗಲಿ (ಇಲ್ಲಿ ಭಂಗಾರ ಅಂದರೆ ಗುಜರಿ), ಎಲ್ಲರ ಕಣ್ಣು ನೆಟ್ ಮೇಲೆ. ದುಡ್ಡು ಅದರ ಮೇಲೆ ತಾನೇ. ಗ್ರಾಸ್ ಅನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ರಸ್ತೆಗೆ, ಬ್ರೇಕಿಗೆ, ಟೈರಿಗೆ ಲೆಕ್ಕ ಆ ಗ್ರಾಸ್‌ದೇ. ಆರ್‌ಸಿಯಲ್ಲಿ ಲೇಡನ್ ವೇಟ್ ಅಂತ ಬರೆದಿರುವುದು ಅದರ ಮಿತಿ. ಗಾಡಿ, ಮಾಲು, ಡ್ರೈವರ್, ಕ್ಲೀನರ್, ಡೀಸೆಲ್, ತಾಡಪತ್ರಿ, ಹಗ್ಗ ಎಲ್ಲಾ ಸೇರಿ ಅಷ್ಟೇ ಇರಬೇಕು.

ತುಂಬುವವರು ಮಾತ್ರ ಜಾಗ ನೋಡಿ ತುಂಬುತ್ತಾರೆ. ಕಬ್ಬಿಣದಲ್ಲಿ ಇದು ಪೂರ್ತಿ ಮೋಸ. 16 ಎಂಎಂ ದಪ್ಪ, 12 ಮೀಟರ್ ಉದ್ದದ ಒಂದು ರಾಡ್ ಸುಮಾರು 19 ಕೆಜಿ. ಮಡಚಿ ಹಾಕಿದ 80 ರಾಡ್ ಅಂದರೆ ಒಂದೂವರೆ ಟನ್ ಆಗಿಹೋಯಿತು. ತೊಟ್ಟಿಯ ತಳದಲ್ಲಿ ಸುಮ್ನೆ ಮಲಗಿರುತ್ತವೆ, ಗಾಡಿ ಇನ್ನೂ ಖಾಲಿ ಇದೆ ಅನಿಸುತ್ತದೆ. ಅದರ ಮೇಲೆ ಸಿಮೆಂಟ್ ಚೀಲ ಹೇರುತ್ತಾರೆ. ಒಂದು ಚೀಲಕ್ಕೆ 50 ಕೆಜಿ, 20 ಚೀಲಕ್ಕೆ ಒಂದು ಟನ್.

"ಎಳಿತೈತಿ ಬಿಡ್ರಿ ಅಣ್ಣಾ, ಪಾಟಾ ಹಾಕ್ಸೀನಿ" ಅನ್ನುವ ಮಾತು ಇಲ್ಲಿ ದಿನಾ ಕೇಳುತ್ತದೆ. ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪಾಟಾ, ಅಂದರೆ ಉಕ್ಕಿನ ಪಟ್ಟಿ, ಹೆಚ್ಚಿಗೆ ಹಾಕಿಸಿದರೆ ಗಾಡಿ ಕೂರುವುದಿಲ್ಲ, ಅದು ನಿಜ. ಆದರೆ ಆಕ್ಸಲ್ ಹಳೆಯದೇ, ಬ್ರೇಕ್ ಡ್ರಮ್ ಹಳೆಯದೇ, ಟೈರೂ ಅದೇ. ಮುಂಚೆ ಗಾಡಿ ಕುಸಿದು ಕೂತಾಗ ಓವರ್‌ಲೋಡ್ ಅಂತ ದೂರದಿಂದಲೇ ಕಾಣುತ್ತಿತ್ತು. ಪಾಟಾ ಹಾಕಿಸಿದ ಮೇಲೆ ಅದೂ ಕಾಣುವುದಿಲ್ಲ. ನನ್ನ ಪ್ರಕಾರ ಪಾಟಾ ಹಾಕಿಸಿದ ಗಾಡಿಗೇ ಅಪಾಯ ಜಾಸ್ತಿ.

ಲೆಕ್ಕ ಹೀಗೆ ಮಾಡಿ. ಖಾಲಿ ಗಾಡಿ 1,700 ಕೆಜಿ, ಮಾಲಿನ ಮಿತಿ 1,300 ಅಂತಿಟ್ಟುಕೊಳ್ಳಿ. ಗ್ರಾಸ್ 3,000 ದಾಟಬಾರದು. 2,800 ಕೆಜಿ ಹೇರಿದರೆ ಗ್ರಾಸ್ 4,500 ಆಯಿತು, ಅಂದರೆ ಒಂದೂವರೆ ಪಟ್ಟು. ವೇಗ ಅಷ್ಟೇ ಇದ್ದರೂ ನಿಲ್ಲಿಸುವಾಗ ಬ್ರೇಕ್ ಒಂದೂವರೆ ಪಟ್ಟು ಶಾಖ ತಡೆಯಬೇಕು. ಸಪಾಟು ರಸ್ತೆಯಲ್ಲಿ ಹೇಗೋ ಆಗುತ್ತದೆ. ಪುಣೆಯ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆ ಕಡೆಗೆ ಇಳಿಯುವಾಗ ಆಗುವುದಿಲ್ಲ. ಆ ಇಳಿಜಾರು ಉದ್ದ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದೇ ಲಾರಿ ಹತ್ತಾರು ವಾಹನಗಳಿಗೆ ಗುದ್ದಿತ್ತು, ನೆನಪಿದೆ ಅಲ್ವಾ?

ಡೀಸೆಲ್ ಉಳಿಸಲು ಅಲ್ಲಿ ನ್ಯೂಟ್ರಲ್ ಮಾಡುವವರು ಇದ್ದಾರೆ. ಕೆಲವರು ಇಂಜಿನ್ನೇ ಆಫ್ ಮಾಡುತ್ತಾರೆ. ಪಿಕಪ್ ಬ್ರೇಕಿಗೆ ಬಲ ಕೊಡುವುದು ವ್ಯಾಕ್ಯೂಮ್ ಬೂಸ್ಟರ್, ಅದು ನಡೆಯಲು ಇಂಜಿನ್ ಓಡುತ್ತಿರಬೇಕು. ಆಫ್ ಮಾಡಿದ ಮೇಲೆ ಎರಡು ಮೂರು ಸಲ ಒತ್ತಿದರೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಕೂಡ ಬಿಗಿಯುತ್ತದೆ. ಗೇರಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ತಡೆಯುತ್ತದೆ, ನ್ಯೂಟ್ರಲ್ ಮಾಡಿದರೆ ಆ ತಡೆಯೂ ಇಲ್ಲ. ಏರುವ ಗೇರಲ್ಲೇ ಇಳಿಯಬೇಕು ಅಂತ ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದು ಇದಕ್ಕೇ.

ಏರಿನ ಅಪಾಯ ಬೇರೆ. ಮಾಲು ಹಿಂದಿನ ಚಕ್ರದಿಂದಾಚೆ ಜಾಸ್ತಿ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲಿದಂತಾಗುತ್ತದೆ. ರಾತ್ರಿ ಹೆಡ್‌ಲೈಟ್ ಮೇಲಕ್ಕೆ ಎದ್ದು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಏರಿನಲ್ಲಿ ಇಂಜಿನ್ ಸೋತರೆ ಗಾಡಿ ಹಿಂದಕ್ಕೆ ಉರುಳುತ್ತದೆ, ಅಷ್ಟು ಭಾರವನ್ನು ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ. ನಮ್ಮದೇ ಖೇಡ್ ತಾಲ್ಲೂಕಿನಲ್ಲಿ 2025ರ ಆಗಸ್ಟ್‌ನ ಒಂದು ಶ್ರಾವಣ ಸೋಮವಾರ, ಕುಂಡೇಶ್ವರ ದೇವಸ್ಥಾನಕ್ಕೆ ಹೆಂಗಸರನ್ನು ತುಂಬಿಕೊಂಡು ಹೊರಟ ಪಿಕಪ್ ಏರಿನಲ್ಲಿ ಹಿಂದಕ್ಕೆ ಜಾರಿ ಕೆಳಗೆ ಉರುಳಿತು. ಹಲವರು ತೀರಿಕೊಂಡರು. ಆಮೇಲೆ ಸ್ವಲ್ಪ ದಿನ ಎಲ್ಲರೂ ಹೆದರಿದ್ದರು. ಈಗ ಮತ್ತೆ ಮಾಲಿನ ಮೇಲೆ ಹಮಾಲರನ್ನು ಕೂರಿಸಿಕೊಂಡು ಬರುವ ಗಾಡಿ ಕಾಣುತ್ತವೆ. ಗೂಡ್ಸ್ ಗಾಡಿಯಲ್ಲಿ ಬಿಟ್ಟಿ ಪ್ರಯಾಣ ಮಾಡುವವರಿಗೆ ಇನ್ಶೂರೆನ್ಸ್ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಏನಾದರೂ ಆದರೆ ಪರಿಹಾರ ಗಾಡಿ ಮಾಲೀಕನ ಕೊರಳಿಗೆ ಬರಬಹುದು.

ದಂಡದ ವಿಷಯ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಹೆಚ್ಚಿನ ಮಾಲನ್ನು ಇಳಿಸಬೇಕು, ಆ ಖರ್ಚೂ ನಿಮ್ಮದೇ. ತೂಕಕ್ಕೆ ನಿಲ್ಲಿಸದೆ ಓಡಿದರೆ 40,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಹಚ್ಚಿದವನೂ ಇದರಲ್ಲಿ ಬರುತ್ತಾನೆ. ಇದನ್ನು ಹುಡುಗರು ಸೇಠ್‌ಗೆ ಹೇಳುವುದೇ ಇಲ್ಲ. ಎರಡು ಟ್ರಿಪ್ಪಿನ ಮಾಲು ಒಂದರಲ್ಲಿ ಹೋದರೆ ಉಳಿಯುವುದು ಸೇಠ್‌ನ ಬಾಡಿಗೆ. ಡ್ರೈವರ್‌ಗೆ ಸಿಗುವುದು ಚಹಾ–ಪಾಣಿ.

ಕಾಟಾದ ಮೇಲೆ ಆಟ ಆಡುವವರೂ ಇದ್ದಾರೆ. ಒಂದು ಚಕ್ರವನ್ನು ಪ್ಲಾಟ್‌ಫಾರ್ಮ್ ಅಂಚಿನಿಂದ ಆಚೆ ನಿಲ್ಲಿಸಿದರೆ ತೂಕ ಕಡಿಮೆ ತೋರಿಸುತ್ತದೆ. ನಮಗೆ ಕ್ಯಾಮೆರಾದಲ್ಲಿ ಕಾಣುತ್ತದೆ ತಮ್ಮಾ, ಸುಮ್ನೆ ಯಾಕೆ.

ಇದೇ ಉಪಾಯ ಒಳ್ಳೆಯದಕ್ಕೂ ಬರುತ್ತದೆ. ಮುಂದಿನ ಚಕ್ರ ಹೊರಗಿಟ್ಟು ಹಿಂದಿನದನ್ನು ಮಾತ್ರ ಹತ್ತಿಸಿದರೆ ಹಿಂದಿನ ಆಕ್ಸಲ್ ಮೇಲೆ ಎಷ್ಟು ಭಾರ ಇದೆ ಅಂತ ಗೊತ್ತಾಗುತ್ತದೆ. ಜಾಸ್ತಿ ಅನಿಸಿದರೆ ಭಾರದ ಮಾಲನ್ನು ಕ್ಯಾಬಿನ್ ಕಡೆಗೆ ಸರಿಸಿ ಹಗ್ಗ ಬಿಗಿಯಿರಿ. ಕೇಳಿದರೆ ನಾನೇ ತೂಗಿ ಹೇಳುತ್ತೇನೆ, ಅದಕ್ಕೆ ಬೇರೆ ಚೀಟಿ ಬೇಡ, ದುಡ್ಡೂ ಬೇಡ. ಬೆಳಿಗ್ಗೆ ಮಾತ್ರ ಬರಬೇಡಿ, ಆಗ ಭಂಗಾರದ ಗಾಡಿಗಳ ಸಾಲು ಇರುತ್ತದೆ.