ಪೇಟಿಯೋ ಪೇಂಟಿಯೋ

ಹುಬ್ಬಳ್ಳಿ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ. ಹಳೇ ಪೇಟಿಯೊಂದು ಮಾರಾಟಕ್ಕಿದೆ ಅಂತ ಕೇಳಿ ನಾವು ಮೂವರು ಒಂದು ಲಾರಿ ಬಾಡಿ ಶೆಡ್ಡಿಗೆ ಹೋದೆವು. ಒಬ್ಬ ಹಾಡುವವನು, ಒಬ್ಬ ಪೇಟಿ ನುಡಿಸುವವನು, ನಾನು ತಬಲಾದವನು. ಮಾರುವವರು ಲಾರಿಗೆ ಬಣ್ಣ ಬಳಿಯುವ ಕಾಕಾ. ರಾತ್ರಿ ಹೊತ್ತು ಮಠದ ಭಜನೆಗೆ ಪೇಟಿ ನುಡಿಸುತ್ತಾರಂತೆ.

ಕಾಕಾ ಮೇಲಿನ ಗೋಣಿಚೀಲ ತೆಗೆದರು. ಮೂವರಿಗೂ ಮಾತೇ ಹೊರಡಲಿಲ್ಲ. ಮೈಯೆಲ್ಲ ಕಡು ಹಸಿರು, ಅಂಚಿಗೆ ಹಳದಿ ಬಳ್ಳಿ. ಮುಚ್ಚಳದ ಮೇಲೆ ಗರಿ ಬಿಚ್ಚಿದ ನವಿಲು. ಎರಡೂ ಪಕ್ಕಕ್ಕೆ ಕೆಂಪು ನಾಲಿಗೆ ಚಾಚಿದ ದೃಷ್ಟಿ ರಾಕ್ಷಸ. ಕೇಳುಗರ ಕಡೆ ಮುಖ ಮಾಡುವ ತಿದಿಯ ಹಲಗೆ ಮೇಲೆ ದಪ್ಪ ಅಕ್ಷರದಲ್ಲಿ 'ಹಾರ್ನ್ ಮಾಡಿ'. ಲಾರಿಗೆ ಬಳಿದು ಉಳಿದ ಬಣ್ಣ ಸುಮ್ನೆ ಒಣಗಿ ಹೋಗಬಾರದು ಅಂತ ಬಳಿದರಂತೆ. ಬೆಲೆ 8,000 ರೂಪಾಯಿ.

"ಇದು ಪೇಟಿ ಅಲ್ರಿ ಕಾಕಾ, ಪೇಂಟಿ" ಅಂದ ಗಾಯಕ.

"ಪೇಂಟಿನೂ ಅಲ್ಲ, ಹಾರ್ನ್‌ಮೋನಿಯಂ" ಅಂದೆ ನಾನು.

ಕಾಕಾ ನಗಲಿಲ್ಲ. ಚಹಾ ತರಲು ಹುಡುಗನನ್ನು ಕಳಿಸಿದರು.

ಹಿರಿಯರ ಮುಖಕ್ಕೆ ಹೊಡೆದ ಹಾಗೆ 'ನಿಮ್ಮ ವಾದ್ಯ ಸರಿಯಿಲ್ಲ' ಅನ್ನೋದು ಕಷ್ಟ ಅಲ್ವಾ? ನಮ್ಮ ಪೇಟಿಯವನು ಅದನ್ನು ತಮಾಷೆಯಲ್ಲೇ ಹೇಳಿ ಮುಗಿಸುತ್ತಾನೆ. ಮೊದಲು ತಿದಿ ಒತ್ತಿ ಗಾಳಿ ತುಂಬಿಸಿದ. ಯಾವ ಕೀಯನ್ನೂ ಮುಟ್ಟದೆ ಕೂತ. ಗಟ್ಟಿ ಪೇಟಿಯಾದರೆ ಗಾಳಿ ಬಹಳ ಹೊತ್ತು ನಿಲ್ಲುತ್ತದೆ. ಇದರದ್ದು ಬುಸ್ ಅಂತ ಇಳಿದೇ ಹೋಯಿತು.

"ಕಾಕಾ, ಗಟ್ಟಿ ಐತಿ ಅಂದಿದ್ರಲ್ಲ, ಅದು ಗಾಳಿಮಾತು."

ಬೆಲೆ 7,000ಕ್ಕೆ ಬಂತು.

ಆಮೇಲೆ ಕರಿ ಒಂದಕ್ಕೆ, ಅಂದರೆ ಸಪ್ತಕದ ಮೊದಲ ಕರಿ ಕೀಗೆ, ಸಾ ಹಿಡಿದು ಸರಿಗಮ ನುಡಿಸಿದ. ಸಿಂಗಲ್ ರೀಡಿನ ಪೇಟಿ, ಅಂದರೆ ಒಂದು ಕೀಗೆ ನುಡಿಯುವ ಹಿತ್ತಾಳೆ ಪಟ್ಟಿ ಒಂದೇ. ನಡುವಿನ ಸಪ್ತಕದ ರಿ, ಗ ಎರಡೂ ಮೂಕ.

"ನವಿಲಿಗೆ ಗರಿ ಐತಿ, ಪೇಟಿಗೆ ಗ-ರಿ ಇಲ್ಲ!"

ಗಾಯಕ ತನ್ನ ಸಾ ಬಿಳಿ ಒಂದು, ಅಂದರೆ ಅದರ ಎಡಕ್ಕಿರುವ ಬಿಳಿ ಕೀ, ಅಂದ. ಅಲ್ಲಿಗೆ ಸಾ ಹಿಡಿದರೆ ಅವೇ ಎರಡು ಕೀಗಳು ಕೋಮಲ ಗ ಮತ್ತು ಮ ಆದವು. "ಗ ಮ ಇಲ್ದಿದ್ರೂ ಪೇಂಟ್ ಮಾತ್ರ ಗಮಗಮ ಅನ್ನಾಕ ಹತ್ತೈತಿ" ಅಂದ ಪೇಟಿಯವನು. ಇನ್ನೊಂದು ಸಾವಿರ ಇಳಿಯಿತು.

ಗಾಯಕನಿಗೆ ಕನಿಕರ ಬಂತೋ ಏನೋ, ಕಾಕಾಗೆ ಸಮಾಧಾನ ಹೇಳಲು ಹೋದ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರಲ್ಲ, ಶ್ರುತಿ ಬಗ್ಗಲ್ಲ, ಪರದೇಶದ್ದು ಅಂತೆಲ್ಲ ಆರೋಪ. 1971ರಲ್ಲಷ್ಟೇ ಆ ಕಟ್ಟು ಸಡಿಲಾಯಿತು. "ಗಾಳಿ ವಾದ್ಯಕ್ಕ ಆಕಾಶದಾಗ ಜಾಗ ಇರಲಿಲ್ರಿ" ಅಂದ. ಜೋಕು ಸ್ವಲ್ಪ ಜಾಸ್ತಿ ಎಳೆದ ಹಾಗಾಯ್ತು. ಒಂದೇ ಸಾಲನ್ನು ಎಳೆದೆಳೆದು ಖಯಾಲ್ ಹಾಡುವವರ ಅಭ್ಯಾಸ, ಬಿಡಿ.

ಕಾಕಾ ಚಹಾ ಲೋಟ ಕೆಳಗಿಟ್ಟರು. ಪೇಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಕರಿ ಒಂದರ ಸಾ ಹಿಡಿದು ಮ ಒತ್ತಿದರು, ನಿ ಒತ್ತಿದರು. ಎರಡೂ ಗಂಟೆ ಹೊಡೆದ ಹಾಗೆ ನುಡಿದವು.

"ಗ ರಿ ಇಲ್ದಿದ್ರ ಏನಾತ್ರಿ? ಮ ನಿ ಚಲೋ ಅದಾವ. ಮೊದ್ಲ ಮನಿ ಕೊಡ್ರಿ, ಆಮ್ಯಾಲ ಮನಿಗೆ ಒಯ್ರಿ."

ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಚೌಕಾಸಿ ಅಲ್ಲಿಗೇ ನಿಂತಿತು. 6,000 ಎಣಿಸಿ ಕೊಟ್ಟೆವು.

ಮನೆಗೆ ತಂದು ಮುಚ್ಚಳ ಬಿಚ್ಚಿ ನೋಡಿದರೆ ರೀಡುಗಳು ಸತ್ತೇ ಇರಲಿಲ್ಲ. ರೀಡಿನ ಹಿತ್ತಾಳೆ ನಾಲಿಗೆ ತನ್ನ ಸೀಳಿನಲ್ಲಿ ಎಲ್ಲೂ ತಾಗದೆ ಅದುರಬೇಕು, ಆಗಲೇ ಸ್ವರ. ಆ ಸಂದಿಗೆ ಒಣಗಿದ ಕೆಂಪು ಪೇಂಟಿನ ಚೂರು ಹೊಕ್ಕಿತ್ತು. ತೆಳು ಕಾಗದ ತೂರಿಸಿ ಎಳೆದ ಮೇಲೆ ಎರಡೂ ಮಾತಾಡಿದವು. ತಿದಿಯ ಸೋರುವ ಮಡಿಕೆಗೆ ಹೊಸ ಚರ್ಮ ಅಂಟಿಸಿದ್ದಾಯಿತು. ಬಣ್ಣ ಮಾತ್ರ ಯಾರೂ ಉಜ್ಜಲಿಲ್ಲ.

ಪೇಂಟಿನ ಚೂರಿನ ವಿಷಯ ಕಾಕಾಗೆ ಫೋನ್ ಮಾಡಿ ಹೇಳಿದೆ.

"ರಾಕ್ಷಸನ ನಾಲಿಗಿಗೆ ಹಚ್ಚಿದ್ದು ರೀಡಿನ ನಾಲಿಗಿಗೆ ರುಚಿ ಹತ್ತೈತಿ" ಅಂದರು. "ಗ-ರಿ ಬಂದಾವಂದ್ರ ಉಳಿದ ಎರಡು ಸಾವಿರನೂ ಕಳಿಸ್ರಿ ಮತ್ತ."